ಬ್ಯಾಟರಿ ಸತ್ತಾಗ ಗೇರ್ ಬಿಡಿಸುವ ಪಟ್ಟಿ

ಆಟೋಮ್ಯಾಟಿಕ್ ಕಾರಿನ ಗೇರನ್ನು ‘ಪಿ’ಗೆ, ಅಂದರೆ ಪಾರ್ಕ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಮುಟ್ಟದೆ ಇಳಿದು ಹೋಗುವವರು ಬಹಳ ಮಂದಿ. ಎರಡು ಟನ್ ತೂಕದ ಆ ಗಾಡಿಯನ್ನು ಆಗ ಇಳಿಜಾರಿನಲ್ಲಿ ಹಿಡಿದಿಡುವುದು ಗೇರ್‌ಬಾಕ್ಸ್‌ನೊಳಗಿನ ಒಂದೇ ಒಂದು ಉಕ್ಕಿನ ಹಲ್ಲು. ಗೇರ್‌ಬಾಕ್ಸ್‌ನಿಂದ ಚಕ್ರಗಳ ಕಡೆಗೆ ಹೊರಡುವ ಶಾಫ್ಟ್‌ಗೆ ಒಂದು ಹಲ್ಲುಚಕ್ರ ಬಿಗಿದಿರುತ್ತದೆ. ಅದರ ಪಕ್ಕದಲ್ಲಿ ಒಂದು ಗಿಡ್ಡ ಅಗುಳಿ, ಪಾರ್ಕಿಂಗ್ ಪಾಲ್. ಅದರ ಒಂದು ತುದಿಯಲ್ಲಿ ಕೀಲು, ಇನ್ನೊಂದು ಕಡೆ ಹಲ್ಲು. ‘ಪಿ’ಗೆ ಹಾಕಿದಾಗ ಸ್ಪ್ರಿಂಗ್ ತೊಟ್ಟ ಸರಳೊಂದು ಮುಂದೆ ಜಾರಿ, ಅದರ ಚೂಪು ತುದಿ ಅಗುಳಿಯ ಬೆನ್ನನ್ನು ಒತ್ತಿ, ಹಲ್ಲನ್ನು ಚಕ್ರದ ಸಂದಿಗೆ ನೂಕುತ್ತದೆ. ಶಾಫ್ಟ್ ಕಚ್ಚಿಕೊಂಡಿತು, ಗಾಡಿ ನಿಂತಿತು.

ಸಂದಿ ಸರಿಯಾಗಿ ಎದುರಿಗೇ ಸಿಗಬೇಕೆಂದೇನಿಲ್ಲ. ಹಲ್ಲಿನ ಮೇಲೆ ಹಲ್ಲು ಕುಳಿತರೆ ಸ್ಪ್ರಿಂಗ್ ಒತ್ತಿಕೊಂಡೇ ಕಾಯುತ್ತದೆ. ಗಾಡಿ ತುಸು ಜರುಗಿ ಸಂದಿ ಬಂದ ಕೂಡಲೇ ಅಗುಳಿ ಒಳಗೆ ಬೀಳುತ್ತದೆ. ಇಳಿಜಾರಿನಲ್ಲಿ ಬ್ರೇಕಿನಿಂದ ಕಾಲು ತೆಗೆದಾಗ ಕಾರು ಸ್ವಲ್ಪ ಉರುಳಿ ‘ಠಕ್’ ಎಂದು ನಿಲ್ಲುವುದು ಇದೇ ಕಾರಣಕ್ಕೆ. ಆಮೇಲೆ ಗಾಡಿಯ ಭಾರವೆಲ್ಲ ಆ ಹಲ್ಲಿನ ಮೇಲೆ. ‘ಎನ್’ಗೆ (ನ್ಯೂಟ್ರಲ್) ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಕಾಲು ಸಡಿಲಿಸಿ ಗಾಡಿಯನ್ನು ಬ್ರೇಕಿನ ಮೇಲೆ ಕೂರಲು ಬಿಟ್ಟು, ಕೊನೆಗೆ ‘ಪಿ’ಗೆ ಹಾಕಿದರೆ ಹಲ್ಲಿನ ಮೇಲೆ ಭಾರವೇ ಬೀಳದು. ಗಾಡಿ ಓಡುತ್ತಿರುವಾಗ ‘ಪಿ’ ಹಾಕಿದರೆ ಏನಾಗುತ್ತದೆ ಎಂದು ಮಕ್ಕಳು ಕೇಳುತ್ತಾರೆ. ಹಲ್ಲಿನ ಅಂಚುಗಳನ್ನು ಓರೆಯಾಗಿ ಕಡೆದಿರುವುದರಿಂದ, ನಡಿಗೆಯ ವೇಗ ದಾಟಿದ್ದರೆ ಅಗುಳಿ ಒಳಗೆ ಇಳಿಯದೆ ಕಟಕಟನೆ ಪುಟಿಯುತ್ತದೆ.

ಇನ್ನೊಂದು ಸಂಗತಿ ಪ್ರತಿಯೊಬ್ಬ ಚಾಲಕನಿಗೂ ಗೊತ್ತಿರಲೇಬೇಕು. ಈ ಅಗುಳಿ ಹಿಡಿಯುವುದು ಶಾಫ್ಟನ್ನು, ಚಕ್ರಗಳನ್ನಲ್ಲ. ನಡುವೆ ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಇದೆ. ಶಾಫ್ಟ್ ನಿಂತಿದ್ದರೂ ಒಂದು ಚಕ್ರ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ತಿರುಗಲು ಅದು ಬಿಡುತ್ತದೆ. ಎರಡೂ ಚಕ್ರ ನೆಲದ ಮೇಲಿದ್ದಾಗ ಹಾಗಾಗದು. ಟೈರ್ ಬದಲಿಸಲು ಎಂಜಿನ್ ತಿರುಗಿಸುವ ಚಕ್ರಗಳ ಪೈಕಿ ಒಂದನ್ನು ಜಾಕ್‌ನಲ್ಲಿ ಎತ್ತಿದಿರೋ, ಎತ್ತಿದ ಚಕ್ರ ಗಾಳಿಯಲ್ಲಿ ಹಿಂದಕ್ಕೆ ತಿರುಗುತ್ತಾ, ನೆಲದಲ್ಲಿರುವುದು ಮುಂದಕ್ಕೆ ಉರುಳಬಹುದು. ಕಾರು ಜಾಕ್‌ನಿಂದ ಜಾರುತ್ತದೆ, ಗೇರ್ ‘ಪಿ’ಯಲ್ಲಿಯೇ ಇರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ನೆಲದ ಮೇಲಿರುವ ಚಕ್ರಕ್ಕೆ ಕಲ್ಲು ಕೊಡದೆ ಜಾಕ್ ಮುಟ್ಟಬಾರದು.

ಹಳೆಯ ಕಾರುಗಳಲ್ಲಿ ಈ ಸರಳನ್ನು ಕದಲಿಸುತ್ತಿದ್ದುದು ನಿಮ್ಮ ಕೈ. ಲಿವರ್‌ನಿಂದ ಗೇರ್‌ಬಾಕ್ಸ್‌ವರೆಗೆ ಕೇಬಲ್ ಅಥವಾ ಸರಳಿನ ಜೋಡಣೆ ಇರುತ್ತಿತ್ತು. ಬಿಎಂಡಬ್ಲ್ಯು 2001ರಲ್ಲಿ ತಂದ 7 ಸರಣಿಯ ಕಾರಿನಲ್ಲಿ ಸ್ಟೀರಿಂಗ್ ಪಕ್ಕದ ಕಿರುಕಡ್ಡಿಯೇ ಗೇರ್ ಲಿವರ್ ಆಯಿತು, ಕೇಬಲ್ ಮಾಯವಾಯಿತು. ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಕಾರಾದ 2003ರ ಎರಡನೇ ತಲೆಮಾರಿನ ಟೊಯೋಟಾ ಪ್ರಿಯಸ್‌ನಲ್ಲಿ ಪುಟ್ಟ ಜಾಯ್‌ಸ್ಟಿಕ್, ‘ಪಿ’ಗೆ ಬೇರೆಯೇ ಗುಂಡಿ. ಇಂಥ ಲಿವರ್‌ನ ಬುಡದಲ್ಲಿ ಅಯಸ್ಕಾಂತವೂ ಅದರ ಜಾಗ ಗುರುತಿಸುವ ಸೆನ್ಸರ್‌ಗಳೂ ಇರುತ್ತವೆ, ಒಂದು ಕೆಟ್ಟರೆ ಇನ್ನೊಂದು ಇರಲೆಂದು ಒಂದಕ್ಕಿಂತ ಹೆಚ್ಚು. ‘ಇವರು ಆರ್ (ರಿವರ್ಸ್) ಕೇಳುತ್ತಿದ್ದಾರೆ’ ಎಂಬ ಸಂದೇಶ ತಂತಿಯಲ್ಲಿ ಗೇರ್‌ಬಾಕ್ಸ್‌ನ ಕಂಪ್ಯೂಟರಿಗೆ ಹೋಗುತ್ತದೆ. ಬ್ರೇಕ್ ಒತ್ತಿದೆಯೇ, ವೇಗ ಎಷ್ಟಿದೆ ಎಂದು ನೋಡಿ ಅದು ಒಪ್ಪುತ್ತದೆ ಅಥವಾ ನಿರಾಕರಿಸುತ್ತದೆ. ಹೆದ್ದಾರಿಯಲ್ಲಿ ಕೈತಪ್ಪಿ ‘ಆರ್’ಗೆ ತಳ್ಳಿದರೆ ಏನೂ ಆಗದಿರುವುದು ಈ ಪರಿಶೀಲನೆಯಿಂದ. ಮೊದಲು ಲಿವರ್ ಆಜ್ಞೆ ಮಾಡುತ್ತಿತ್ತು, ಈಗ ಅರ್ಜಿ ಹಾಕುತ್ತದೆ. ಪ್ರಿಯಸ್‌ನಲ್ಲಂತೂ ‘ಡಿ’ಗೂ ‘ಆರ್’ಗೂ ಒಂದು ಹಲ್ಲೂ ಸರಿಯುವುದಿಲ್ಲ. ವಿದ್ಯುತ್ ಮೋಟಾರನ್ನು ಹಿಮ್ಮುಖ ತಿರುಗಿಸಿದರೆ ಅದೇ ರಿವರ್ಸ್. ‘ಪಿ’ ಒಂದಕ್ಕೆ ಮಾತ್ರ ಸಣ್ಣ ಮೋಟಾರೊಂದು ಅಗುಳಿಯನ್ನು ನಿಜವಾಗಿ ಕೂರಿಸಬೇಕು.

ಇದರಲ್ಲಿ ಕಳೆದುಕೊಂಡದ್ದೂ ಇದೆ. ಹಳೆಯ ಲಿವರ್ ಯಾವ ಗೇರ್‌ನಲ್ಲಿದೆ ಎಂಬುದು ಕತ್ತಲಲ್ಲೂ ಕೈಗೆ ತಿಳಿಯುತ್ತಿತ್ತು. ಅಮೆರಿಕದಲ್ಲಿ 2014 ಮತ್ತು 2015ರ ಜೀಪ್ ಗ್ರ್ಯಾಂಡ್ ಚೆರೋಕಿಯ ಎಲೆಕ್ಟ್ರಾನಿಕ್ ಲಿವರ್ ಏನು ಹಾಕಿದರೂ ಕೈ ಬಿಟ್ಟೊಡನೆ ನಡುವಿನ ಅದೇ ಜಾಗಕ್ಕೆ ಮರಳುತ್ತಿತ್ತು. ಗೇರ್ ಯಾವುದೆಂದು ತಿಳಿಯಲು ದೀಪವನ್ನೇ ನೋಡಬೇಕು. ‘ಪಿ’ ಹಾಕಿದೆವೆಂದುಕೊಂಡು, ಎಂಜಿನ್ ಓಡುತ್ತಿರುವಾಗಲೇ ಜನ ಇಳಿದರು, ಗಾಡಿಗಳು ಉರುಳಿದವು. ಬಾಗಿಲು ತೆರೆದಾಗ ಗಂಟೆ ಬಾರಿಸಿ ಎಚ್ಚರಿಸುವ ವ್ಯವಸ್ಥೆ ಇದ್ದರೂ ಅದು ಸಾಲಲಿಲ್ಲ. 2016ರ ಏಪ್ರಿಲ್‌ನಲ್ಲಿ ಕಂಪನಿ ಜಗತ್ತಿನಾದ್ಯಂತ ಸುಮಾರು 11 ಲಕ್ಷ ವಾಹನಗಳ ದೋಷ ಸರಿಪಡಿಸುವುದಾಗಿ ಘೋಷಿಸಿತು. ಆ ಜೂನ್‌ನಲ್ಲಿ, 27 ವರ್ಷದ ನಟ ಆಂಟನ್ ಯೆಲ್ಚಿನ್ ಲಾಸ್ ಏಂಜಲೀಸ್‌ನ ತನ್ನ ಮನೆಯ ಇಳಿಜಾರು ದಾರಿಯಲ್ಲಿ ತನ್ನದೇ 2015ರ ಗ್ರ್ಯಾಂಡ್ ಚೆರೋಕಿ ಉರುಳಿ ಬಂದು ಇಟ್ಟಿಗೆಯ ಕಂಬಕ್ಕೆ ಒತ್ತಿದ್ದರಿಂದ ತೀರಿಕೊಂಡ. ಆ ಕಾರೂ ಘೋಷಣೆಯ ಪಟ್ಟಿಯಲ್ಲಿತ್ತು. ಪರಿಹಾರವಾಗಿ ಬಂದದ್ದು ಸಾಫ್ಟ್‌ವೇರ್: ನಿಂತ ಗಾಡಿಯಿಂದ ಚಾಲಕ ಬಾಗಿಲು ತೆರೆದು ಇಳಿಯಲು ಹೊರಟರೆ ಅದು ತಾನೇ ‘ಪಿ’ಗೆ ಹೋಗುವಂತೆ ಮಾಡುವುದು. ಮನುಷ್ಯನ ಕೈಗೆ ಏನು ತಿಳಿಯುತ್ತದೆ ಎಂಬುದನ್ನು ವಿನ್ಯಾಸ ಮಾಡುವವರು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಅದರ ಬೆಲೆ ತೆರುವವರು ಬೇರೆಯವರು.

ಇನ್ನು ಕರೆಂಟೇ ಹೋದರೆ? ಜರ್ಮನಿಯ ಜ಼ಡ್‌ಎಫ್ ಕಂಪನಿಯ 8 ಗೇರ್‌ಗಳ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಎಂಡಬ್ಲ್ಯುಗಳಲ್ಲೂ ಅಮೆರಿಕದ ಪಿಕಪ್‌ಗಳಲ್ಲೂ ಇದೆ. ಅದರಲ್ಲಿ ಅಗುಳಿಯನ್ನು ಒಳಗೆ ನೂಕುವುದು ಸ್ಪ್ರಿಂಗ್, ಹೊರಗೆ ಎಳೆಯುವುದು ಎಣ್ಣೆಯ ಒತ್ತಡ. ಎಂಜಿನ್ ನಿಂತು ಒತ್ತಡ ಇಳಿದರೆ ಸ್ಪ್ರಿಂಗ್ ಗೆಲ್ಲುತ್ತದೆ, ಗಾಡಿ ‘ಪಿ’ಗೆ ಬೀಳುತ್ತದೆ. ಅನುಮಾನ ಬಂದರೆ ನಿಲ್ಲು ಎಂಬ ಈ ಆಯ್ಕೆ ಸರಿಯಾದದ್ದೇ. ಆದರೆ ಅದೇ ಕಾರಣಕ್ಕೆ, ಬ್ಯಾಟರಿ ಸತ್ತು ರಸ್ತೆಗೆ ಅಡ್ಡಲಾಗಿ ನಿಂತ ಕಾರನ್ನು ನಾಲ್ಕು ಜನ ಸೇರಿ ತಳ್ಳಿದರೂ ಕದಲದು. ಅದಕ್ಕಾಗಿ ಬಿಟ್ಟಿರುವ ದಾರಿಯೇ ಕೈಯಿಂದ ಪಾರ್ಕ್ ಬಿಡಿಸುವ ವ್ಯವಸ್ಥೆ, ಮ್ಯಾನ್ಯುವಲ್ ಪಾರ್ಕ್ ರಿಲೀಸ್.

ಈ ಗೇರ್‌ಬಾಕ್ಸ್ ಇರುವ ರ‍್ಯಾಮ್ 1500 ಪಿಕಪ್‌ನಲ್ಲಿ ಅದು ಸ್ಟೀರಿಂಗ್ ಕಂಬದ ಕೆಳಗೆ ಎಡಕ್ಕಿದೆ. ಮೊದಲು ಪಾರ್ಕಿಂಗ್ ಬ್ರೇಕ್. ಸಣ್ಣ ಸ್ಕ್ರೂಡ್ರೈವರ್‌ನಿಂದ ಪ್ಲಾಸ್ಟಿಕ್ ಮುಚ್ಚಳ ಎಬ್ಬಿಸಬೇಕು. ಕಾಲು ಬ್ರೇಕಿನ ಮೇಲೆ ಭದ್ರವಾಗಿರಲಿ. ತೂತಿನೊಳಗೆ ಸ್ಕ್ರೂಡ್ರೈವರ್ ಹಾಕಿ ಲಾಕಿನ ನಾಲಿಗೆಯನ್ನು ಬಲಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಅಲ್ಲಿರುವ ಪಟ್ಟಿ (ಸ್ಟ್ರ್ಯಾಪ್) ಎಳೆಯಬೇಕು. ಒಳಗಿನ ಸನ್ನೆಗೋಲು ಹಿಂದಕ್ಕೆ ತಿರುಗಿ ಚಾಲಕನ ಸೀಟಿನ ಕಡೆಗೆ ಮುಖ ಮಾಡಿ ಕಚ್ಚಿಕೊಳ್ಳುತ್ತದೆ. ಕೈಯ ಬಲ ಸ್ಪ್ರಿಂಗನ್ನು ಸೋಲಿಸಿ ಅಗುಳಿಯನ್ನು ಹೊರಗೆಳೆದಿದೆ. ಇನ್ನು ಮೇಲೆ ಗೇರ್ ಸೂಚಕ ಏನೇ ತೋರಿಸಲಿ, ಗಾಡಿಯನ್ನು ಹಿಡಿದಿರುವುದು ಬ್ರೇಕ್ ಮಾತ್ರ. ಆದ್ದರಿಂದ ಎಳೆಯುವ ವಾಹನಕ್ಕೆ ಭದ್ರವಾಗಿ ಕಟ್ಟುವ ತನಕ ಪಾರ್ಕಿಂಗ್ ಬ್ರೇಕ್ ಬಿಡುವಂತಿಲ್ಲ. ಕೆಲಸ ಮುಗಿದ ಮೇಲೆ ಸನ್ನೆಗೋಲನ್ನು ಮೊದಲಿನ ಜಾಗಕ್ಕೆ ತರಲು ಮರೆತರೆ ಮುಂದಿನ ಸಲ ‘ಪಿ’ ಹಿಡಿಯುವುದೇ ಇಲ್ಲ.

ಪಟ್ಟಿ ಎಳೆದೆವೆಂದು ದೂರ ಎಳೆದೊಯ್ಯುವುದೂ ಸಲ್ಲ. ಇಂಥ ಗೇರ್‌ಬಾಕ್ಸ್‌ಗೆ ಎಣ್ಣೆ ಉಣಿಸುವ ಪಂಪ್ ಎಂಜಿನ್‌ನಿಂದ ತಿರುಗುತ್ತದೆ. ಎಂಜಿನ್ ನಿಂತಿದ್ದು ಚಕ್ರಗಳು ಮಾತ್ರ ತಿರುಗಿದರೆ ಒಳಗಿನ ಭಾಗಗಳು ಒಣಗಿ ಸವೆಯುತ್ತವೆ. ಪಟ್ಟಿ ಇರುವುದು ಗಾಡಿಯನ್ನು ರಸ್ತೆ ಬದಿಗೆ ಸರಿಸಲು ಅಥವಾ ಲಾರಿಯ ಮೇಲೆ ಹತ್ತಿಸಲು.

ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇರುವ ಗಾಡಿಯಲ್ಲಿ ತೊಡಕು ಇಮ್ಮಡಿ. ಬ್ಯಾಟರಿ ಸತ್ತ ಮೇಲೆ, ಹಾಕಿದ್ದ ಬ್ರೇಕನ್ನು ಗುಂಡಿಯಿಂದ ಬಿಡಿಸಲಾಗದು, ಹಾಕದಿದ್ದರೆ ಹಾಕಲೂ ಆಗದು. ಆಗ ಗಾಡಿಯನ್ನು ಹಿಡಿಯುವುದು ಘಾಟಿಯಲ್ಲಿ ಲಾರಿ ಕ್ಲೀನರ್‌ಗಳು ಚಕ್ರಕ್ಕೆ ಕೊಡುವಂಥ ಕಲ್ಲು.

ಪ್ರಿಯಸ್‌ನಂಥ ಹೈಬ್ರಿಡ್‌ನಲ್ಲಿ ಎಳೆಯಲು ಪಟ್ಟಿಯೂ ಇಲ್ಲ. ದೊಡ್ಡ ಬ್ಯಾಟರಿಯಲ್ಲಿ ಎಷ್ಟೇ ಚಾರ್ಜ್ ಇರಲಿ, ‘ಪಿ’ ಬಿಡಿಸುವ ಮೋಟಾರನ್ನೂ ಕಂಪ್ಯೂಟರನ್ನೂ ಎಬ್ಬಿಸುವುದು 12 ವೋಲ್ಟ್‌ನ ಚಿಕ್ಕ ಬ್ಯಾಟರಿ. ಟೆಸ್ಲಾ ಕಾರುಗಳಲ್ಲೂ ಎಳೆದೊಯ್ಯಲು ಚಕ್ರ ಸಡಿಲಿಸುವ ಸೌಲಭ್ಯ ಇರುವುದು ಪರದೆಯ ಮೇಲೆ, ಅದಕ್ಕೂ ಕಡಿಮೆ ವೋಲ್ಟ್‌ನ ವಿದ್ಯುತ್ ಬೇಕು. ಚಿಕ್ಕ ಬ್ಯಾಟರಿಗೆ ಹೊರಗಿನಿಂದ ಕರೆಂಟ್ ಕೊಡುವ ತುದಿಗಳು ಎಲ್ಲಿವೆ ಎಂದು ಕೈಪಿಡಿಯಲ್ಲಿ ನೋಡಿಟ್ಟುಕೊಂಡವರಿಗೆ ಹತ್ತು ನಿಮಿಷದ ಕೆಲಸ.

ನಮ್ಮಲ್ಲಿ 2014ರಲ್ಲಿ ಮಾರುತಿ ಸೆಲೆರಿಯೋದೊಂದಿಗೆ ಬಂದ ಎಎಂಟಿ ಕಾರುಗಳಿಗೆ ಈ ಅಗುಳಿಯೇ ಇಲ್ಲ, ಲಿವರ್ ಮೇಲೆ ‘ಪಿ’ಯೂ ಇಲ್ಲ. ಅವು ಮ್ಯಾನ್ಯುವಲ್ ಗೇರ್‌ಬಾಕ್ಸ್‌ಗಳೇ, ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸ ಮಾತ್ರ ಯಂತ್ರದ್ದು. ‘ಎನ್’ನಲ್ಲಿ ಬಿಟ್ಟು ಇಳಿದರೆ ಗಾಡಿಗೆ ಹ್ಯಾಂಡ್‌ಬ್ರೇಕ್ ಒಂದೇ ಗತಿ. ಬ್ರೇಕ್ ಒತ್ತಿಕೊಂಡು ‘ಡಿ’ ಅಥವಾ ‘ಆರ್’ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆರಿಸಿದರೆ ಕ್ಲಚ್ ಕೂಡಿಕೊಂಡು, ಹಳೆಯ ಅಂಬಾಸಿಡರ್‌ನಲ್ಲಿ ಆಗುತ್ತಿದ್ದ ಹಾಗೆ, ಎಂಜಿನ್ನೇ ಚಕ್ರಗಳನ್ನು ತಡೆಯುತ್ತದೆ.