ಡ್ರಿಪ್ ಪೈಪ್ ಬಂತು, ಫಿಲ್ಟರ್ ತೊಳೆಯೋರು ಯಾರು?

ಹುನಗುಂದದ ಎರೆ ಹೊಲದಲ್ಲಿ ಕುಂಟೆ ಹೊಡೆಯುವಾಗ, ಬೆಳೆಯ ಬುಡಕ್ಕೆ ಹನಿ ಹನಿ ನೀರು ಬಿಡುವ ಡ್ರಿಪ್ ಪೈಪ್ ಅಡ್ಡ ಬಂದರೆ ಕುಂಟೆಯ ಅಲಗಿಗೆ ಸಿಕ್ಕಿ ತುಂಡಾಗುತ್ತದೆ. ಪೈಪ್ ಕಂಡುಹಿಡಿದವರ ಎದುರು ಈ ಕುಂಟೆ ಇರಲಿಲ್ಲ.

1930ರ ದಶಕದಲ್ಲಿ, ಆಗಿನ ಪ್ಯಾಲೆಸ್ಟೈನ್‌ನಲ್ಲಿ, ಸಿಂಖಾ ಬ್ಲಾಸ್ ಎಂಬ ನೀರಿನ ಎಂಜಿನಿಯರ್ ಕಣ್ಣಿಗೆ ಒಂದು ಮರ ಬಿತ್ತು. ಅಕ್ಕಪಕ್ಕದ ಮರಗಳಿಗಿಂತ ಅದು ಜಾಸ್ತಿ ಬೆಳೆದಿತ್ತು. ನೋಡಿದರೆ, ಬುಡದ ಹತ್ತಿರ ಪೈಪ್ ಸೋರುತ್ತಿತ್ತು. ಹಾಗಂತ ಸುಮ್ನೆ ತೂತು ಕೊರೆದರೆ ಆಗುವುದಿಲ್ಲ. ಸಣ್ಣದಾದರೆ ಕಸ ಕಟ್ಟುತ್ತದೆ, ದೊಡ್ಡದಾದರೆ ನೀರು ಸುರಿಯುತ್ತದೆ. ಪ್ಲಾಸ್ಟಿಕ್ ಬಂದ ಮೇಲೆ ದಾರಿ ಸಿಕ್ಕಿತು: ನೀರನ್ನು ಉದ್ದನೆಯ ಸುರುಳಿಯಲ್ಲಿ ಸುತ್ತಿಸಿ ಜೋರು ಇಳಿಸುವುದು. 1965ರಲ್ಲಿ ಇಸ್ರೇಲಿನ ಹಟ್ಜೆರಿಮ್ ಕಿಬುಟ್ಸ್‌ನಲ್ಲಿ (ಎಲ್ಲರೂ ಕೂಡಿ ದುಡಿದು ಬಾಳುವ ಊರು) ಈ ಡ್ರಿಪ್ ಮಾಡಲು ನೆಟಾಫಿಮ್ ಕಂಪನಿ ಶುರುವಾಯಿತು.

ಅದೇ 1930ರ ದಶಕದಲ್ಲಿ ನಮ್ಮ ವಿಜಯಪುರದಲ್ಲೂ ಒಣ ಬೇಸಾಯದ ಸಂಶೋಧನೆ ನಡೆದಿತ್ತು. ಇಲ್ಲಿನ ಪ್ರಶ್ನೆ ಬೇರೆ. ಬಿದ್ದ ಮಳೆಯನ್ನು ಹೊಲದಲ್ಲೇ ಹಿಡಿಯುವುದು ಹೇಗೆ? ಒಡ್ಡು ಹಾಕು, ಚೌಕು ಮಡಿ (ಸಣ್ಣ ಬದುಗಳ ಚೌಕಗಳು) ಕಟ್ಟು, ನೀರು ಇಂಗಿಸು. ಹಿಂಗಾರಿ ಬಿಳಿಜೋಳ ಆ ಹಸಿಯ ಮೇಲೇ ಬೆಳೆಯುತ್ತದೆ. ಚೌಕು ಮಡಿಗೆ ಪೇಟೆಂಟ್ ಇಲ್ಲ. ಯಾವ ದೇಶ ಎಷ್ಟು ಹಸಿರು ತಂತ್ರಜ್ಞಾನ ಹುಟ್ಟಿಸಿತು ಎಂದು ಪೇಟೆಂಟ್ ಎಣಿಸುವಾಗ ಅದು ಲೆಕ್ಕಕ್ಕೇ ಬರುವುದಿಲ್ಲ. ಇದು ಮೋಸದ ಲೆಕ್ಕ, ಅಲ್ವಾ?

1992ರಲ್ಲಿ ರಿಯೊದಲ್ಲಿ ಸಹಿಯಾದ ಹವಾಮಾನ ಒಪ್ಪಂದದಲ್ಲಿ, ಮುಂದುವರಿದ ದೇಶಗಳು ಉಳಿದವರಿಗೆ ತಂತ್ರಜ್ಞಾನ ದಾಟಿಸಲು ನೆರವಾಗಬೇಕು ಎಂದು ಬರೆದರು. ಡ್ರಿಪ್ ಮಾತ್ರ ವ್ಯಾಪಾರದ ದಾರಿಯಲ್ಲೇ ಬಂತು. ಜಳಗಾಂವಿನ ಜೈನ್ ಇರಿಗೇಷನ್ ಇಲ್ಲೇ ಪೈಪ್ ಮಾಡತೊಡಗಿತು. ಮುಂದೆ ಹುನಗುಂದ ತಾಲ್ಲೂಕಿನ ರಾಮಥಾಳ ಯೋಜನೆಯಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರನ್ನು 24,000 ಹೆಕ್ಟೇರ್‌ಗೆ ಹನಿ ಹನಿಯಾಗಿ ಕೊಡಲು ನೆಟಾಫಿಮ್, ಜೈನ್ ಎರಡೂ ಕೆಲಸ ಹಂಚಿಕೊಂಡವು.

ಅಷ್ಟು ದೊಡ್ಡ ಜಾಲದಲ್ಲಿ ಪೈಪ್ ನನ್ನ ಹೊಲದ್ದು, ನೀರು ಎಲ್ಲರದ್ದು. ಯಾವ ದಿನ ಯಾರ ವಾಲ್ವ್ ತೆರೆಯಬೇಕು, ಫಿಲ್ಟರ್ ಯಾರು ತೊಳೆಯಬೇಕು, ಇಲಿ ಕಡಿದದ್ದನ್ನು ಯಾರು ಜೋಡಿಸಬೇಕು ಎಂಬುದನ್ನು ಯಾವ ಕಾರ್ಖಾನೆಯೂ ಪ್ಯಾಕ್ ಮಾಡಿ ಕಳಿಸುವುದಿಲ್ಲ. ನನ್ನ ಪ್ರಕಾರ ನಾವು ಹೊಸದಾಗಿ ಹುಡುಕಬೇಕಾದದ್ದು ಇದನ್ನೇ. ವಿಜಯಪುರದ ಹತ್ತಿರ ತಿಕೋಟಾ ಕಡೆಯ ದ್ರಾಕ್ಷಿ ತೋಟದ ರೈತರನ್ನು ಹೋಗಿ ನೋಡಿ. ಬೋರ್ ಅವರದು, ಸಾಲವೂ ಅವರದೇ. ಪೈಪಿನ ತುದಿ ಬಿಚ್ಚುತ್ತಾರೆ, ಕೆಸರು ಹೋಗಿ ತಿಳಿ ನೀರು ಬರುವ ತನಕ ಬಗ್ಗಿ ನಿಂತು ನೋಡುತ್ತಾರೆ, ಆಮೇಲೆ ಮಡಚಿ ಕಟ್ಟುತ್ತಾರೆ.