ಡೈವೋರ್ಸ್ ಅರ್ಜಿ ವಾಪಸ್ ತೆಗೆಯುವ ಮುನ್ನ

ಮಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲೆಯಾಗಿ ಕೇಸು ನಡೆಸುವ ನನಗೆ ಅತಿ ಖುಷಿ ಕೊಡುವ ಮಾತು ಇದು: “ಮೇಡಂ, ಅವಳು ಈಗ ಫೋನ್ ಎತ್ತುತ್ತಾಳೆ. ಕೇಸು ವಾಪಸ್ ತೆಗೀಬಹುದಾ?” ತುಳುವರ ಆಟಿ ತಿಂಗಳಿಗೆಂದು ತವರಿಗೆ ಹೋದವಳು ಮರಳಲಿಲ್ಲ ಎಂದು ಕೋಪದಲ್ಲಿ ಅರ್ಜಿ ಹಾಕಿದವರೂ ಹೀಗೆ ಕೇಳುವುದುಂಟು.

ಖಂಡಿತ ತೆಗೆಯಬಹುದು. ಆದರೆ ಅರ್ಜಿ ಯಾವ ಬಗೆಯದು ಎಂದು ಮೊದಲು ನೋಡಿ.

ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಇಬ್ಬರೂ ಸೇರಿ ಹಾಕಿದ್ದರೆ, ತೀರ್ಪು ಬರುವ ತನಕ ಒಬ್ಬರೇ ಒಪ್ಪಿಗೆ ಹಿಂಪಡೆಯಬಹುದು. ಸುರೇಷ್ಟಾ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲೇ ಹೀಗೆ ಹೇಳಿದೆ. ಅರ್ಜಿ ಹಾಕಿದ ಮೇಲೆ ಕಾಯಬೇಕಾದ ಆರು ತಿಂಗಳು ಟೈಮ್ ಇದೆಯಲ್ಲ ಎಂದು ಸುಮ್ನೆ ಕೂರಬೇಡಿ. ಸುಪ್ರೀಂ ಕೋರ್ಟಿನ 2017ರ ತೀರ್ಪಿನ ನಂತರ ಸೂಕ್ತ ಪ್ರಕರಣಗಳಲ್ಲಿ ಆ ಆರು ತಿಂಗಳನ್ನೂ ಕೋರ್ಟು ಮನ್ನಾ ಮಾಡುತ್ತದೆ.

ಒಬ್ಬರೇ ಹಾಕಿದ ಅರ್ಜಿಯಾದರೆ ಜಾಸ್ತಿ ಎಚ್ಚರ ಬೇಕು. ವಾಪಸಾತಿಗೆಂದು ಕೋರ್ಟಿಗೆ ಕೊಡುವ ಪತ್ರ, ಅಂದರೆ ಮೆಮೊ, ನಾಲ್ಕು ಸಾಲಿನದು. ನೀವು ಸಹಿ ಹಾಕುತ್ತೀರಿ, ಯಾರಾದರೂ ಒತ್ತಾಯ ಮಾಡಿದರೇ ಎಂದು ನ್ಯಾಯಾಧೀಶರು ಕೇಳುತ್ತಾರೆ, ‘ನಾಟ್ ಪ್ರೆಸ್ಡ್’, ಅಂದರೆ ಅರ್ಜಿದಾರರು ಮುಂದುವರಿಸಲಿಲ್ಲ, ಎಂದು ಆದೇಶವಾಗುತ್ತದೆ. ಅಷ್ಟು ಸಲೀಸು. ಆದರೆ ಮತ್ತೆ ಅರ್ಜಿ ಹಾಕಲು ಅನುಮತಿ ಕೇಳದೆ ಹೀಗೆ ಕೈಬಿಟ್ಟರೆ, ಅದೇ ಕಾರಣದ ಮೇಲೆ ಇನ್ನೊಂದು ಅರ್ಜಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶ ಅಡ್ಡ ಬರುತ್ತದೆ. ಕೋರ್ಟಿಗೆ ಹೋಗುವುದನ್ನೇ ನಿಲ್ಲಿಸಿಬಿಡುವವರೂ ಇದ್ದಾರೆ. ಅದಂತೂ ಬೇಡ. ಎದುರಿನವರು ಹಾಜರಿದ್ದು ನೀವು ಬಾರದೆ ಕೇಸು ವಜಾ ಆದರೂ ಇದೇ ತೊಡಕು.

ಬರೀ ಫೋನಿನಲ್ಲಿ ಮಾತು ಶುರುವಾಗಿದ್ದರೆ ನಾನು ಮೆಮೊ ಬರೆಯುವುದಿಲ್ಲ. ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಿ ಎಂದು ಕೋರಿಕೆ ಕೊಡುತ್ತೇನೆ. ರಾಜಿಯ ಸಾಧ್ಯತೆ ಕಂಡರೆ ಕೇಸನ್ನು ಮುಂದೂಡಲು 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 9ನೇ ಕಲಮಿನಲ್ಲೇ ಅವಕಾಶವಿದೆ. ಒಂದೆರಡು ವಾಯಿದೆ ಮುಂದೆ ಹಾಕಿಸಿ, ಆ ಹೊತ್ತಿನಲ್ಲಿ ಜೊತೆಗಿದ್ದು ನೋಡಿ. ಕೇಸು ಇನ್ನೂ ಇದೆ ಎಂಬುದನ್ನು ಮಾತ್ರ ಸಂಗಾತಿಯಿಂದ ಮುಚ್ಚಿಡಬೇಡಿ. ಮನೆಗೆ ಬಂದವಳಿಗೆ ಅದು ಬೇರೆಯವರ ಬಾಯಿಂದ ತಿಳಿದರೆ ಮತ್ತೆ ನಂಬುವುದು ಕಷ್ಟ ಅಲ್ವಾ?

“ಒಟ್ಟಿಗೆ ಇದ್ದರೆ ಹಿಂದಿನ ಹಿಂಸೆಯನ್ನೆಲ್ಲ ಮನ್ನಿಸಿದ ಹಾಗೆ ಆಗುತ್ತದಲ್ಲ?” ಎಂದು ಹೆಣ್ಣುಮಕ್ಕಳು ಭಯದಿಂದ ಕೇಳುತ್ತಾರೆ. ಕಾನೂನು ಹಾಗೆ ನೋಡುವುದು ನಿಜ. ಆದರೆ ಮುಂದೆ ಮತ್ತೆ ಹಿಂಸೆ ಶುರುವಾದರೆ ಹಳೆಯದೂ ಜೀವ ಪಡೆಯುತ್ತದೆ ಎಂದು ಸುಪ್ರೀಂ ಕೋರ್ಟಿನ 1975ರ ದಾಸ್ತಾನೆ ತೀರ್ಪು ಹೇಳಿದೆ. ಹೊಡೆತ ತಿಂದವರಿಗೆ ನನ್ನ ಸಲಹೆ ಬೇರೆಯೇ: ಸಮುದಾಯದ ಹಿರಿಯರಾದ ಗುರಿಕಾರರೋ ಅಣ್ಣಂದಿರೋ ಒಪ್ಪಿಸಿದರು ಎಂಬ ಕಾರಣಕ್ಕೆ ಸಹಿ ಹಾಕಬೇಡಿ.

ಇನ್ನೊಂದು ವಿಷಯ. ಡೈವೋರ್ಸ್ ಅರ್ಜಿ ಹೋದ ಮಾತ್ರಕ್ಕೆ ಜೀವನಾಂಶದ ಕೇಸು, 498ಎ ಕೇಸು (ಹೆಂಡತಿಗೆ ಹಿಂಸೆ ಕೊಟ್ಟರೆಂಬ ಕ್ರಿಮಿನಲ್ ಕೇಸು; 2024ರ ಜುಲೈಯಿಂದ ಈಚೆಗಿನ ಘಟನೆಗಳಿಗೆ ಇದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು) ಹೋಗುವುದಿಲ್ಲ. 498ಎ ದೂರನ್ನು ಹೆಂಡತಿ ತಾನಾಗಿ ವಾಪಸ್ ಪಡೆಯಲು ಬರುವುದಿಲ್ಲ. ಅದನ್ನು ರದ್ದು ಮಾಡಿಸಲು ಬೆಂಗಳೂರಿನ ಹೈಕೋರ್ಟಿಗೇ ಹೋಗಬೇಕು. ಗಂಡ ದುಬೈಗೋ ಕುವೈಟಿಗೋ ಮರಳುವವನಾದರೆ ಪಾಸ್‌ಪೋರ್ಟಿಗೆ ತೊಡಕಾಗುವುದು ಈ ಕ್ರಿಮಿನಲ್ ಕೇಸಿನಿಂದ. ಹಾಗಾಗಿ ರಾಜಿಯ ಮಾತು ಗಟ್ಟಿಯಾದ ಕೂಡಲೇ ಇರುವ ಎಲ್ಲ ಕೇಸುಗಳ ನಂಬರನ್ನೂ ಒಂದೇ ಹಾಳೆಯಲ್ಲಿ ಬರೆದು, ಇಬ್ಬರ ವಕೀಲರಿಗೂ ಒಂದೊಂದು ಪ್ರತಿ ಕೊಡಿ.