ಎರಿ ಇಷ್ಟು ಕರ್ರಗಿದೆ, ಮತ್ತೆ ಇಂಗಾಲ ಯಾಕೆ ಕಡಿಮೆ?

ಅಣ್ಣಿಗೇರಿ ಕಡೆಯ ರೈತರೊಬ್ಬರು ತಮ್ಮ ಎರಿ ಹೊಲದ, ಅಂದರೆ ಕಪ್ಪು ಮಣ್ಣಿನ ಹೊಲದ, ಮಣ್ಣಿನ ರಿಪೋರ್ಟ್ ಹಿಡಿದುಕೊಂಡು ಬಂದಿದ್ದರು. ಕೂರುವ ಮೊದಲೇ ಶುರು ಮಾಡಿದರು. "ಸರ, ನಮ್ಮ ಎರಿ ನೋಡೀರಲ್ರಿ, ಕಾಡಿಗಿ ಹಂಗ ಐತಿ. ಇದರಾಗ ಸಾವಯವ ಇಂಗಾಲ 0.42 ಅಂತ ಬರದಾರ. ಮೂರು ವರ್ಷ ಆತು, ತಿಪ್ಪಿ ಗೊಬ್ಬರ ಹಾಕ್ಕೋಂತನ ಬಂದೇನಿ. ಎಲ್ಲಿ ಹೋತ್ರಿ ಅದು?"

ಧಾರವಾಡದಲ್ಲಿ ಕೂತು ಮಣ್ಣಿನ ರಿಪೋರ್ಟ್ ಓದಿ ಹೇಳುವ ನನ್ನಂಥವರಿಗೆ ಈ ಪ್ರಶ್ನೆ ವರ್ಷಕ್ಕೆ ಹತ್ತು ಸಲವಾದರೂ ಬರುತ್ತದೆ. ಅವರ ಮಾತಿನಲ್ಲಿ ಎರಡು ಪ್ರಶ್ನೆ ಇವೆ. ಒಂದು ಬಣ್ಣದ್ದು, ಇನ್ನೊಂದು ಗೊಬ್ಬರದ್ದು. ಬಣ್ಣದ್ದು ಬೇಗ ಮುಗಿಯುತ್ತದೆ.

ಸಾವಯವ ಇಂಗಾಲ ಶೇಕಡಾ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದರೆ ಜಾಸ್ತಿ, ನಡುವೆ ಇದ್ದರೆ ಮಧ್ಯಮ. ನಮ್ಮಲ್ಲಿ ಮಣ್ಣು ಪರೀಕ್ಷೆಗೆ ಇದೇ ಲೆಕ್ಕ. ನವಲಗುಂದ, ನರಗುಂದ, ಅಣ್ಣಿಗೇರಿಯ ಎಷ್ಟೋ ಎರಿ ಹೊಲಗಳು ಕಡಿಮೆ ಗುಂಪಿನಲ್ಲೇ ಕೂತಿರುತ್ತವೆ. ಎರಿಯ ಜೇಡಿಯಲ್ಲಿ ಬಹುಪಾಲು ಸ್ಮೆಕ್ಟೈಟ್ ಅನ್ನುವ ಖನಿಜ. ಪುಸ್ತಕದ ಹಾಳೆಗಳ ಹಾಗೆ ಪದರ ಪದರ. ಒಂದೇ ಒಂದು ಗ್ರಾಂ ಸ್ಮೆಕ್ಟೈಟ್ ತಗೊಂಡು ಪದರಗಳನ್ನೆಲ್ಲ ಬಿಡಿಸಿ ಹಾಸಿದರೆ 700ರಿಂದ 800 ಚದರ ಮೀಟರ್ ಆಗುತ್ತದೆ. ಅಂದರೆ ಏಳು ಗುಂಟೆ, ಚಿಟಿಕೆ ಮಣ್ಣಿನಲ್ಲಿ! ಆ ಪದರಗಳ ಒಳಗೆಲ್ಲ ಸಾವಯವ ನುಸುಳುವುದಿಲ್ಲ, ನಿಜ. ಆದರೂ ಸ್ವಲ್ಪೇ ಸ್ವಲ್ಪ ಹ್ಯೂಮಸ್ (ಕೊಳೆತು ಕಪ್ಪಾದ ಸಾವಯವ) ಈ ಜೇಡಿಗೆ ಬಿಗಿಯಾಗಿ ಅಂಟಿಕೊಂಡರೆ ಸಾಕು, ಇಡೀ ಮಣ್ಣು ಕಪ್ಪಾಗಿ ಕಾಣುತ್ತದೆ. ಬಣ್ಣ ನೋಡಿ ಸಾರ ಅಳೆಯೋಕಾಗಲ್ಲ.

ಈಗ ಗೊಬ್ಬರ ಎಲ್ಲಿ ಹೋಯಿತು ಅನ್ನುವುದು. ಅವರ ಎದುರಿಗೇ ಕಾಗದದ ಮೇಲೆ ಲೆಕ್ಕ ಹಾಕಿದೆ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 9 ಲಕ್ಷ ಕಿಲೊ ತೂಗುತ್ತದೆ. ರಿಪೋರ್ಟಿನಲ್ಲಿ ಇಂಗಾಲ 0.1 ಏರಬೇಕಾದರೆ ಆ ಮಣ್ಣಿನಲ್ಲಿ 900 ಕಿಲೊ ಇಂಗಾಲ ಹೆಚ್ಚಿಗೆ ಉಳಿಯಬೇಕು. ಹಾಕಿದ್ದಲ್ಲ, ಉಳಿದದ್ದು. ಅವರು ಒಂದು ಸಲಕ್ಕೆ ಎಕರೆಗೆ 5 ಟನ್ ಹಾಕಿದ್ದರು ಅಂತಿಟ್ಟುಕೊಳ್ಳಿ. ಅದರಲ್ಲಿ ಅರ್ಧ ನೀರು. ಉಳಿದ ಎರಡೂವರೆ ಟನ್ನಿನಲ್ಲಿ ಇಂಗಾಲ ಕಾಲು ಭಾಗ ಅಂದರೆ 600 ಕಿಲೊ ಚಿಲ್ಲರೆ. ನಮ್ಮ ಬಿಸಿಲಿಗೆ ಸೂಕ್ಷ್ಮಜೀವಿಗಳು ಬಹುಪಾಲು ತಿಂದು ಗಾಳಿಗೆ ಬಿಟ್ಟ ಮೇಲೆ, ಕೆಲವು ವರ್ಷ ಕಳೆದು ನೂರು ಕಿಲೊ ಉಳಿದರೆ ನಾನು ಖುಷಿಪಡುತ್ತೇನೆ. ಅಂದರೆ ರಿಪೋರ್ಟಿನಲ್ಲಿ 0.01. ಒಂದೇ ಹೊಲದ ಎರಡು ಮೂಲೆಯಿಂದ ತೆಗೆದ ಮಣ್ಣಿನಲ್ಲೇ ಇದಕ್ಕಿಂತ ಜಾಸ್ತಿ ಫರಕು ಬರುತ್ತದೆ. ಕಾಗದ ನೋಡಿ ಅವರು ಸ್ವಲ್ಪ ಹೊತ್ತು ಸುಮ್ಮನಾದರು.

ಆದರೆ ನನಗೆ ಮುಖ್ಯ ಅನ್ನಿಸುವುದು ಆ ಉಳಿದ ನೂರು ಕಿಲೊ. ಅದು ಯಾಕೆ ಉಳಿಯಿತು?

ನಾವು ಕಾಲೇಜಿನಲ್ಲಿ ಓದುವಾಗ ಹೇಳಿಕೊಟ್ಟದ್ದು ಹೀಗೆ: ಗಟ್ಟಿ ಪದಾರ್ಥ ಉಳಿಯುತ್ತದೆ, ಮೆತ್ತಗಿನದು ಕೊಳೆಯುತ್ತದೆ. ಜೋಳದ ಕೊಯ್ಲೆಯಲ್ಲಿ ಗಿಡಕ್ಕೆ ಗಡಸು ಕೊಡುವ ಲಿಗ್ನಿನ್ ಇದೆ, ಆದ್ದರಿಂದ ಅದು ಬಹಳ ವರ್ಷ ಇರುತ್ತದೆ, ಸಕ್ಕರೆ, ಪ್ರೋಟೀನು ನಾಲ್ಕು ದಿನಕ್ಕೆ ಖಾಲಿ. ಕೇಳಲಿಕ್ಕೆ ಸರಿ ಅನ್ನಿಸುತ್ತದೆ, ಅಲ್ವಾ? ಮಣ್ಣಿನೊಳಗೆ ಆಗುವುದು ಬೇರೆ. ಲಿಗ್ನಿನ್ ನಾವು ಅಂದುಕೊಂಡದ್ದಕ್ಕಿಂತ ಬೇಗ ಕರಗುತ್ತದೆ. ಮೆತ್ತಗಿನ ಪದಾರ್ಥವನ್ನು ಸೂಕ್ಷ್ಮಜೀವಿಗಳು ತಿಂದು ಬೆಳೆದು, ಅವು ಸತ್ತ ಮೇಲೆ ಅವುಗಳ ದೇಹದ ಚೂರುಗಳು ಜೇಡಿ ಕಣಕ್ಕೆ, ಕಬ್ಬಿಣದ ಆಕ್ಸೈಡಿಗೆ ಅಂಟಿಕೊಂಡು ದಶಕಗಟ್ಟಲೆ, ಕೆಲವು ಶತಮಾನಗಟ್ಟಲೆ ಕೂತುಬಿಡುತ್ತವೆ. ಖನಿಜ ಹಿಡಿದರೆ ಉಳಿಯುತ್ತದೆ, ಹಿಡಿಯದಿದ್ದರೆ ಹೋಗುತ್ತದೆ. ಪದಾರ್ಥ ಎಷ್ಟು ಗಟ್ಟಿ ಅನ್ನುವುದಕ್ಕಿಂತ ಈ ಹಿಡಿತ ದೊಡ್ಡದು.

ಎರಿಯಲ್ಲಿ ಈ ಹಿಡಿತ ನಡೆಯುವುದು ಹೆಚ್ಚಾಗಿ ಕ್ಯಾಲ್ಸಿಯಂ ಮೂಲಕ. ಜೇಡಿ ಕಣದ ಮೇಲೆ ಋಣ ವಿದ್ಯುತ್ತು, ಸಾವಯವ ಚೂರಿನ ಮೇಲೂ ಋಣ. ಎರಡೂ ಒಂದನ್ನೊಂದು ದೂಡುತ್ತವೆ. ನಡುವೆ ಕ್ಯಾಲ್ಸಿಯಂ ಬಂದರೆ ಅದಕ್ಕೆ ಎರಡು ಕೈ. ಒಂದು ಕೈಯಿಂದ ಜೇಡಿ, ಇನ್ನೊಂದರಿಂದ ಸಾವಯವ, ಎರಡನ್ನೂ ಹಿಡಿದುಕೊಂಡು ನಿಲ್ಲುತ್ತದೆ. ನಮ್ಮ ಎರಿಯಲ್ಲಿ ಸುಣ್ಣದ ಹರಳು ಬೇಕಾದಷ್ಟಿವೆ. ಆದರೆ ಹರಳಾಗಿ ಇದ್ದರೆ ಉಪಯೋಗ ಕಡಿಮೆ, ಕರಗಬೇಕು. ಗೊಬ್ಬರ ಕೊಳೆಯುವಾಗ ಬರುವ ಇಂಗಾಲದ ಡೈಆಕ್ಸೈಡ್ ಮಣ್ಣಿನ ನೀರಿಗೆ ಸೇರಿ ಸಣ್ಣ ಆಮ್ಲವಾಗುತ್ತದೆ, ಆ ಆಮ್ಲ ಸುಣ್ಣವನ್ನು ಕರಗಿಸಿ ಕ್ಯಾಲ್ಸಿಯಂ ಬಿಡಿಸುತ್ತದೆ. ಗೊಬ್ಬರ ತಾನು ಹೋಗುತ್ತಾ ಹೋಗುತ್ತಾ ತನ್ನ ಉಳಿದ ಪಾಲಿಗೆ ಮೊಳೆ ಹೊಡೆದು ಹೋದ ಹಾಗೆ.

ಇದೇ ಜಾಗದಲ್ಲಿ ಸೋಡಿಯಂ ಬಂತು ಅಂದರೆ ಕಥೆ ಕೆಡುತ್ತದೆ. ಸೋಡಿಯಂಗೆ ಒಂದೇ ಕೈ, ಅದೂ ಸುತ್ತ ನೀರು ಹೊದ್ದುಕೊಂಡು ಓಡಾಡುತ್ತದೆ. ಹಿಡಿಯುವುದಿಲ್ಲ. ಜೇಡಿ ಕಣ ಬಿಡಿ ಬಿಡಿಯಾಗುತ್ತದೆ, ಹೆಂಟೆಯೊಳಗೆ ಬಚ್ಚಿಟ್ಟುಕೊಂಡಿದ್ದ ಸಾವಯವ ಬಯಲಿಗೆ ಬೀಳುತ್ತದೆ. ಮಲಪ್ರಭಾ ಕಾಲುವೆ ನೀರು ಹರಿದ ಕಡೆ ಸವಳು-ಜವಳು ಆದ, ಅಂದರೆ ಉಪ್ಪು ಏರಿ ನೀರು ನಿಂತು ಕೆಟ್ಟ ಹೊಲಗಳನ್ನು ನೋಡಿದವರಿಗೆ ಇದು ಗೊತ್ತು. ಸೋಡಿಯಂ ಜಾಸ್ತಿಯಾದ ಕೆಲವು ಕರಲು ಹೊಲಗಳಲ್ಲಿ ನಿಂತ ನೀರು ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಕರಗಿ ಹೊರಬಂದ ಹ್ಯೂಮಸ್ ಅದು. ಅಂಥಲ್ಲಿ ಜಿಪ್ಸಮ್ ಹಾಕಿ, ನೀರು ಬಸಿದು ಹೋಗಲಿಕ್ಕೆ ದಾರಿ ಮಾಡಿ, ಆಮೇಲೆ ಗೊಬ್ಬರದ ಮಾತು. ಸೋಡಿಯಂ ಇಲ್ಲದ ಒಳ್ಳೆ ಎರಿಗೆ ಸುಮ್ನೆ ಜಿಪ್ಸಮ್ ಸುರಿಯಬೇಡಿ, ದುಡ್ಡು ದಂಡ.

ಸವಳಿನ ಮಾತು ಬಂತು ಅಂತ ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ವೃತ್ತಿಯ ಶುರುವಿನಲ್ಲಿ ನವಲಗುಂದ ಕಡೆಯ ಸವಳು ಹೊಲವೊಂದರ ರಿಪೋರ್ಟ್ ನೋಡಿ "ನಿಮ್ಮ ಇಂಗಾಲ ಭಾಳ ಚಲೋ ಐತಿ" ಅಂತ ಹೇಳಿ ಕಳಿಸಿದ್ದೆ. ಆ ಮನುಷ್ಯ ಖುಷಿಯಿಂದ ಹೋದರು. ಮಣ್ಣಿನ ಇಂಗಾಲ ಅಳೆಯುವ ನಮ್ಮ ಮಾಮೂಲಿ ವಿಧಾನ ವಾಕ್ಲಿ ಮತ್ತು ಬ್ಲ್ಯಾಕ್ ಅನ್ನುವವರು 1934ರಲ್ಲಿ ಕೊಟ್ಟದ್ದು. ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು ಗಂಧಕಾಮ್ಲ ಹಾಕಿ ಸಾವಯವವನ್ನು ಸುಡುವುದು, ಎಷ್ಟು ಡೈಕ್ರೋಮೇಟ್ ಖರ್ಚಾಯಿತು ಅಂತ ನೋಡಿ ಇಂಗಾಲದ ಲೆಕ್ಕ ಹಾಕುವುದು. ತೊಂದರೆ ಏನೆಂದರೆ ಉಪ್ಪಿನ ಕ್ಲೋರೈಡೂ ಡೈಕ್ರೋಮೇಟನ್ನು ಖರ್ಚು ಮಾಡುತ್ತದೆ. ಅದಕ್ಕೆ ಸವಳು ಮಣ್ಣಾದರೆ ಆಮ್ಲಕ್ಕೆ ಸಿಲ್ವರ್ ಸಲ್ಫೇಟ್ ಬೆರೆಸಬೇಕು. ಅದು ಬೆರೆಸಿರಲಿಲ್ಲ, ನಾನು ಕೇಳಲೂ ಇಲ್ಲ. ನಾನು ಹೊಗಳಿದ್ದು ಉಪ್ಪನ್ನು. ಈಗ ಲವಣಾಂಶದ ಅಂಕಿ ನೋಡದೆ ಇಂಗಾಲದ ಅಂಕಿ ಓದುವುದೇ ಇಲ್ಲ.

ಇನ್ನೊಂದು ಮೋಸವೂ ಇದೆ. ದೊಡ್ಡ ಮಷೀನಿನಲ್ಲಿ ಮಣ್ಣನ್ನು ಪೂರ್ತಿ ಸುಟ್ಟು ಒಟ್ಟು ಇಂಗಾಲ ಅಳೆಸಿದರೆ ಸುಣ್ಣದ ಹರಳಿನ ಇಂಗಾಲವೂ ಅದರಲ್ಲಿ ಸೇರುತ್ತದೆ. ಎರಿ ಮಣ್ಣಿನ ಮೇಲೆ ಒಂದು ಹನಿ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟು ನೋಡಿ, ಬುಸ್ ಅನ್ನುತ್ತದೆ. ಆ ಬುಸ್ಸಿನ ಪಾಲನ್ನು ಕಳೆಯದೆ ಕೊಟ್ಟ ಅಂಕಿಯನ್ನು ನಂಬಬೇಡಿ.

ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲಕ್ಕೆ ಬರೋಣ. ಕಲಘಟಗಿ, ಹಾನಗಲ್ಲ, ಆ ಕಡೆ ಶಿರಹಟ್ಟಿ, ಕಪ್ಪತಗುಡ್ಡದ ಸುತ್ತ. ಇಲ್ಲಿ ಜೇಡಿಯೇ ಕಡಿಮೆ, ಇದ್ದದ್ದೂ ಹೆಚ್ಚಾಗಿ ಕೆಯೊಲಿನೈಟ್ ಅನ್ನುವ ಖನಿಜ. ಒಂದು ಗ್ರಾಮಿಗೆ ಹತ್ತಿಪ್ಪತ್ತು ಚದರ ಮೀಟರ್ ಅಷ್ಟೇ, ಏಳು ಗುಂಟೆ ಎಲ್ಲಿ, ಒಂದು ಪಡಸಾಲೆ ಎಲ್ಲಿ! ಆದರೆ ಮಸಾರಿಗೆ ಕಬ್ಬಿಣ ಇದೆ. ಆ ಕೆಂಪೇ ಕಬ್ಬಿಣದ ಆಕ್ಸೈಡ್. ಸಾವಯವ ಆಮ್ಲ ಹೋಗಿ ಆಕ್ಸೈಡಿನ ಮೇಲೆ ಕೂತಿದ್ದ ಹೈಡ್ರಾಕ್ಸಿಲನ್ನು ಎಬ್ಬಿಸಿ ಆ ಜಾಗದಲ್ಲಿ ತಾನೇ ಕೂರುತ್ತದೆ. ಹುಬ್ಬಳ್ಳಿ ಹಳೇ ಬಸ್ ಸ್ಟ್ಯಾಂಡಿನಲ್ಲಿ ಸೀಟು ಹಿಡಿಯುವ ಜೋರಿನವರನ್ನು ನೆನಪಿಸಿಕೊಳ್ಳಿ. ಬಹಳ ಬಿಗಿಯಾದ ಹಿಡಿತ ಇದು, ಕ್ಯಾಲ್ಸಿಯಂದಕ್ಕಿಂತ ಬಿಗಿ. ತಮಾಷೆ ಏನೆಂದರೆ ರಂಜಕಕ್ಕೂ ಅದೇ ಸೀಟು ಬೇಕು. ಮಸಾರಿಗೆ ಡಿಎಪಿ ಹಾಕಿದರೆ ಒಂದಷ್ಟು ರಂಜಕವನ್ನು ಮಣ್ಣೇ ನುಂಗಿಬಿಡುತ್ತದೆ ಅಂತಾರಲ್ಲ, ಅದು ಹೋಗಿ ಕೂರುವುದು ಇಲ್ಲೇ. ಕೊಳೆತ ತಿಪ್ಪಿ ಗೊಬ್ಬರದ ಜೊತೆ ಬೆರೆಸಿ ಹಾಕಿದರೆ ಕೆಲವು ಸೀಟುಗಳನ್ನು ಸಾವಯವ ಹಿಡಿಯುತ್ತದೆ, ಅಷ್ಟು ರಂಜಕ ಬೇರಿಗೆ ಸಿಗುತ್ತದೆ. ನಮ್ಮ ಹಿರಿಯರು ಡಿಎಪಿ ಕಂಡವರಲ್ಲ, ಇಲ್ಲದಿದ್ದರೆ ಇದನ್ನೂ ಅವರ ತಲೆಗೆ ಕಟ್ಟಿ ಹೊಗಳುತ್ತಿದ್ದೆವು.

ಈ ಕಬ್ಬಿಣದ ಹಿಡಿತ ನೀರು ನಿಂತರೆ ಸಡಿಲಾಗುತ್ತದೆ. ಹಾನಗಲ್ಲ ಕಡೆ ಭತ್ತದ ಗದ್ದೆಯಲ್ಲಿ ಗಾಳಿ ಆಡದಿದ್ದಾಗ ಸೂಕ್ಷ್ಮಜೀವಿಗಳು ಆಮ್ಲಜನಕದ ಬದಲು ಕಬ್ಬಿಣವನ್ನೇ ಬಳಸುತ್ತವೆ, ಗಟ್ಟಿ ಕಬ್ಬಿಣ ಕರಗುವ ಕಬ್ಬಿಣವಾಗುತ್ತದೆ, ಅದಕ್ಕೆ ಅಂಟಿದ ಸಾವಯವವೂ ನೀರಿಗೆ ಬೀಳುತ್ತದೆ. ಗದ್ದೆ ಬದುವಿನ ಹತ್ತಿರ ನೀರಿನ ಮೇಲೆ ತುಕ್ಕಿನ ಬಣ್ಣದ ಪೊರೆ ಕಂಡಿದ್ದೀರಾ? ಅದೇ ಕಬ್ಬಿಣ, ಮತ್ತೆ ಗಾಳಿ ತಾಗಿದಾಗ ಹೀಗೆ ಕಾಣುತ್ತದೆ. ಆದರೂ ಭತ್ತದ ಗದ್ದೆಯಲ್ಲಿ ಇಂಗಾಲ ಒಟ್ಟಾರೆ ಚೆನ್ನಾಗೇ ಉಳಿಯುತ್ತದೆ, ಯಾಕೆಂದರೆ ಆಮ್ಲಜನಕ ಇಲ್ಲದೆ ತಿನ್ನುವವರ ವೇಗವೂ ಕಡಿಮೆ. ಪದೇ ಪದೇ ಒಣಗಿಸಿ, ತೋಯಿಸಿ ಮಾಡಿದರೆ ಮಾತ್ರ ನಷ್ಟ.

ಒಣಗಿಸಿ ತೋಯಿಸುವುದು ಎರಿಗೂ ಕೆಟ್ಟದ್ದೇ. ಬೇಸಿಗೆಯಲ್ಲಿ ಎರಿ ಬಾಯಿ ಬಿಟ್ಟಿರುತ್ತದೆ. ಮೊದಲ ಮಳೆ ಬಿದ್ದ ಕೂಡಲೇ ಹೆಂಟೆಗಳು ಪಟಪಟ ಒಡೆದು ಒಳಗಿದ್ದ ಸಾವಯವ ಹೊರಬಂದು, ಸತ್ತ ಸೂಕ್ಷ್ಮಜೀವಿಗಳ ಮೇಲೆ ಬದುಕಿದ್ದವು ಮುಗಿಬಿದ್ದು, ಕೆಲವೇ ದಿನಗಳಲ್ಲಿ ಮಣ್ಣು ದಂಡಿಯಾಗಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಕೀನ್ಯಾದಲ್ಲಿ ಕೆಲಸ ಮಾಡಿದ ಬರ್ಚ್ ಅನ್ನುವವರು 1958ರಲ್ಲಿ ಇದನ್ನು ವಿವರವಾಗಿ ತೋರಿಸಿದರು, ಅದಕ್ಕೇ ಬರ್ಚ್ ಪರಿಣಾಮ ಅಂತ ಹೆಸರು. ನಮ್ಮಲ್ಲಿ ಮೊದಲ ಹದ ಸಿಕ್ಕ ಕೂಡಲೇ ನಾಲ್ಕು ಸಲ ಕುಂಟಿ ಹೊಡೆಯುವವರಿದ್ದಾರೆ. ಕಸ ಹೋಗಲಿ ಅಂತ ಹರಗಬೇಕು, ಗೊತ್ತು. ನಾಲ್ಕರಲ್ಲಿ ಎರಡು ಬಿಡಿ ಅಂತಷ್ಟೇ ನನ್ನ ಮಾತು.

ಎರಿಯ ಬಿರುಕಿನಿಂದ ಒಂದು ಲಾಭವೂ ಇದೆ. ಮೇಲಿನ ಮಣ್ಣು ಬಿರುಕಿನೊಳಗೆ ಜಾರಿ ಬೀಳುತ್ತದೆ, ಮಳೆಗೆ ಬಿರುಕು ಮುಚ್ಚುತ್ತದೆ. ಹೊಲ ತನ್ನನ್ನು ತಾನೇ ಉಳುತ್ತದೆ. ಹಾಗಾಗಿ ಸಾವಯವ ಆಳಕ್ಕೂ ಹೋಗುತ್ತದೆ, 15 ಸೆಂಟಿಮೀಟರ್ ಮಾತ್ರ ನೋಡುವ ರಿಪೋರ್ಟಿಗೆ ಅದು ಕಾಣುವುದಿಲ್ಲ.

ಹ್ಯೂಮಿಕ್ ಆಸಿಡ್ ಬಾಟ್ಲಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಹೆಚ್ಚಾಗಿ ಲಿಗ್ನೈಟ್ ಜಾತಿಯ ಕಲ್ಲಿದ್ದಲನ್ನು ಪೊಟ್ಯಾಷ್ ಕ್ಷಾರದಲ್ಲಿ ನೆನೆಸಿ ತೆಗೆಯುವುದು ಅದು. ಜರ್ಮನಿಯ ಅಚಾರ್ಡ್ 1786ರಲ್ಲೇ ಕ್ಷಾರ ಹಾಕಿ ಇಂಥ ಕಪ್ಪು ದ್ರವ ತೆಗೆದಿದ್ದರು. ಮಣ್ಣಿನೊಳಗೆ ಆ ರೂಪದ ದೊಡ್ಡ ಅಣುಗಳೇ ಇಲ್ಲ, ಅವು ಕ್ಷಾರ ಹಾಕಿ ತೆಗೆದಾಗ ಕಾಣುವ ರೂಪ ಅಂತ ಲೆಹ್ಮನ್ ಮತ್ತು ಕ್ಲೇಬರ್ 2015ರಲ್ಲಿ ವಾದಿಸಿದರು. ಜಗಳ ಇನ್ನೂ ಮುಗಿದಿಲ್ಲ. ಬೇರಿಗೆ ಸ್ವಲ್ಪ ಚುರುಕು ಬಂದರೆ ಬರಲಿ, ಆದರೆ "ಇಂಗಾಲ ಏರುತ್ತದೆ" ಅಂತ ಮಾರಿದರೆ ಮೇಲಿನ ಲೆಕ್ಕ ನೆನಪಿಡಿ. ಬೇಕಾದದ್ದು 900 ಕಿಲೊ, ಬಾಟ್ಲಿಯಲ್ಲಿರುವುದು ಗ್ರಾಮಿನ ಲೆಕ್ಕ.

ಹಾಗಾದರೆ ಆ ಅಣ್ಣಿಗೇರಿಯವರಿಗೆ ಏನು ಹೇಳಿದೆ? ಗೊಬ್ಬರ ನಿಲ್ಲಿಸಬೇಡಿ ಅಂದೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್ಡಿನಲ್ಲಿ ಬಾರ್ಲಿ ಹೊಲದ ಒಂದು ತುಂಡಿಗೆ 1852ರಿಂದ 1871ರವರೆಗೆ ಪ್ರತಿ ವರ್ಷ ಕೊಟ್ಟಿಗೆ ಗೊಬ್ಬರ ಹಾಕಿ ಬಿಟ್ಟರು. ನೂರು ವರ್ಷ ದಾಟಿದ ಮೇಲೂ ಆ ತುಂಡಿನಲ್ಲಿ, ಯಾವತ್ತೂ ಗೊಬ್ಬರ ಕಾಣದ ತುಂಡಿಗಿಂತ ಇಂಗಾಲ ಜಾಸ್ತಿ ಇತ್ತು. ಅಲ್ಲಿನ ಚಳಿ ನಮ್ಮಲ್ಲಿಲ್ಲ, ಅಷ್ಟು ನಿರೀಕ್ಷೆ ಬೇಡ. ಮುಂಗಾರಿಗೆ ಹೆಸರು ಹಾಕಿ, ಕಾಯಿ ಬಿಡಿಸಿದ ಮೇಲೆ ಬಳ್ಳಿಯನ್ನು ಹೊಲದಲ್ಲೇ ಮುಚ್ಚಿ, ಹಿಂಗಾರಿಗೆ ಜೋಳವೋ ಕಡ್ಲಿಯೋ ಬಿತ್ತಿ ಅಂದೆ. ಸಾರಜನಕ ಇರುವ ಹೆಸರಿನ ಬಳ್ಳಿ ತಿಂದ ಸೂಕ್ಷ್ಮಜೀವಿಗಳು ಕಡಿಮೆ ಉಸಿರು ಬಿಟ್ಟು ಜಾಸ್ತಿ ಮೈ ಬೆಳೆಸುತ್ತವೆ, ಜೇಡಿಗೆ ಬೇಕಾದದ್ದು ಆ ಮೈಯೇ. ಕಣಿಕಿ ದನಕ್ಕೆ ಹೋಗಲೇಬೇಕು, ಅದಕ್ಕೆ ತಕರಾರಿಲ್ಲ. ಬೇರು ಹೊಲದಲ್ಲೇ ಉಳಿಯುತ್ತದಲ್ಲ, ಮೇಲಿನ ಸೊಪ್ಪಿಗಿಂತ ಬೇರಿನ ಇಂಗಾಲವೇ ಮಣ್ಣಿನಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ.

ಅವರಿಗೆ ಎರಡು ಎಕರೆ ಮಸಾರಿಯೂ ಇತ್ತಂತೆ, ಮುಳಗುಂದದ ಕಡೆ. ಅದಕ್ಕೆ ಎಷ್ಟು ಟ್ರಾಲಿ ಗೊಬ್ಬರ ಅಂತ ಕೇಳಿದರು. ಈ ಸಲ ಗೊಬ್ಬರದ ಬದಲು ಕೆರೆ ಹೂಳು ಹೊಡೆಸಿರಿ ಅಂದೆ. ಎರಿ ಕಡೆಯಿಂದ ಹರಿದು ಬಂದ ಹೂಳಿನಲ್ಲಿ ಜೇಡಿ ಇರುತ್ತದೆ, ಅಂದರೆ ಮಸಾರಿಗೆ ಇಲ್ಲದ ಆ ಏಳು ಗುಂಟೆ. ಒಂದು ಸಲ ಹೂಳು ಹಾಕಿದ ಮೇಲೆ ಬರುವ ವರ್ಷದ ಗೊಬ್ಬರಕ್ಕೆ ಅಂಟಿಕೊಳ್ಳಲು ಜಾಗ ಸಿಗುತ್ತದೆ. ಹೊಡೆಸುವ ಮುಂಚೆ ಒಂದು ಕಿಲೊ ಹೂಳು ತಂದುಕೊಡಿ, ಉಪ್ಪು ನೋಡೋಣ ಅಂದೆ.

ಹದಿನೈದು ದಿನ ಬಿಟ್ಟು ಬಂದರು, ಸಿಮೆಂಟ್ ಚೀಲದಲ್ಲಿ ಹೂಳು. ಒಂದು ಕಿಲೊ ಕೇಳಿದರೆ ಹತ್ತು ಕಿಲೊ ತಂದಿದ್ದರು.